ಬೆರಕೆ ನೀರು

ಮೈಸೂರು ರಸ್ತೆಯ ಬಸ್ಸಿನಲ್ಲಿ ಓಡಾಡಿದವರಿಗೆ ನಾಯಂಡಹಳ್ಳಿ ಬಂತು ಅಂತ ಕಂಡಕ್ಟರ್ ಕೂಗಬೇಕಾಗಿರಲಿಲ್ಲ. ಕಿಟಕಿಗಳು ಒಂದರ ಹಿಂದೆ ಒಂದು ಮುಚ್ಚಿಕೊಳ್ಳುತ್ತಿದ್ದವು. ಸೆರಗು, ಕರ್ಚೀಫು ಮೂಗಿಗೆ ಏರುತ್ತಿದ್ದವು. ನಿದ್ದೆ ಹೋದವರೂ ಎದ್ದು ಕೂರುತ್ತಿದ್ದರು. 2021ರ ಆಗಸ್ಟ್‌ನಲ್ಲಿ ಕೆಂಗೇರಿಯವರೆಗೆ ಮೆಟ್ರೊ ಬಂದ ಮೇಲೆ ಆ ಕಷ್ಟವೂ ತಪ್ಪಿತು. ಊರಿನ ಕೊಳಚೆ ಹೊತ್ತ ನದಿ ವೃಷಭಾವತಿ ಎಸಿ ಬೋಗಿಯ ಗಾಜಿನಾಚೆ ಕಾಣುತ್ತಾಳೆ, ನಾರುವುದಿಲ್ಲ. ಮಳೆ ನಿಂತ ಮಾರನೆಯ ಬೆಳಗ್ಗೆ ಅಷ್ಟು ಎತ್ತರದಿಂದ ನೋಡಿದರೆ ತುಂಬಿ ಹರಿಯುವ ಹೊಳೆಯೇ. ಊರಿಗೆ ಹೊಸಬರು ಫೋಟೊ ತೆಗೆಯುವುದನ್ನೂ ನೋಡಿದ್ದೇನೆ.

ಈ ನದಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹಳೆಯ ದಿನಗಳಿಂದ ಶುರು ಮಾಡುತ್ತಾರೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ಹುಟ್ಟಿದ ಗಂಗೆ, ಮಲ್ಲೇಶ್ವರದ ಕಾಡುಮಲ್ಲಿಕಾರ್ಜುನನ ಎದುರು ದಕ್ಷಿಣಾಭಿಮುಖ ನಂದಿಯ ಬಾಯಿಂದ ಬೀಳುವ ತೀರ್ಥ, ಗಾಳಿ ಆಂಜನೇಯನ ಪಕ್ಕದ ಸಂಗಮ, ಕೆಂಗೇರಿಯಲ್ಲಿ ಈಜುತ್ತಿದ್ದ ಹುಡುಗರು. ಅದೆಲ್ಲ ನಿಜವೇ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಹೋಗಿ ಬಸವಣ್ಣನಿಗೆ ಕೈ ಮುಗಿಯುವ ಸಾವಿರಾರು ಜನರಲ್ಲಿ ನಾನೂ ಒಬ್ಬ. ಆದರೆ ಆ ಹಳೆಯ ವೃಷಭಾವತಿ ಸಣ್ಣ ಹಳ್ಳ. ಬೆಂಗಳೂರು ಇರುವುದು ದಿಬ್ಬದ ಮೇಲೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಗೆ, ಪಶ್ಚಿಮಕ್ಕೆ ಬಿದ್ದದ್ದು ಅರ್ಕಾವತಿಯ ಮೂಲಕ ಕಾವೇರಿಗೆ. ದಿಬ್ಬದ ನೆತ್ತಿಯಲ್ಲಿ ದೊಡ್ಡ ನದಿ ಹುಟ್ಟಲು ಜಾಗವೇ ಇಲ್ಲ. ಮಳೆಗಾಲದಲ್ಲಿ ಮೈದುಂಬಿ, ಬೇಸಿಗೆಯಲ್ಲಿ ಮರಳಿನ ನಡುವೆ ಜಿನುಗುತ್ತಿದ್ದ ಹಳ್ಳ ಅದು. ಇವತ್ತಿನ ವೃಷಭಾವತಿ ಏಪ್ರಿಲ್ ತಿಂಗಳಲ್ಲೂ ಬತ್ತುವುದಿಲ್ಲ. ಆದ್ದರಿಂದ ‘ನದಿ ಸತ್ತಿದೆ’ ಅನ್ನುವ ಮಾತು ನನಗೆ ಅರ್ಧ ಮಾತ್ರ ಒಪ್ಪಿಗೆ. ಹಳ್ಳವೊಂದು ಹೋಗಿ, ಅದೇ ಜಾಗದಲ್ಲಿ ಅದಕ್ಕಿಂತ ಎಷ್ಟೋ ದೊಡ್ಡದಾದ ಬೇರೆಯದೇ ನದಿಯೊಂದು ಹರಿಯುತ್ತಿದೆ. ಅದರ ನೀರು ಎಲ್ಲಿಂದ ಬಂತು ಅಂತ ಕೇಳಿದರೆ ಕಥೆ ಬಿಚ್ಚಿಕೊಳ್ಳುತ್ತದೆ.

ಬಂದದ್ದು ಕಾವೇರಿಯಿಂದ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗುವ ನೀರನ್ನು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಎತ್ತಿ, ಸುಮಾರು ನೂರು ಕಿಲೋಮೀಟರ್ ದೂರ, ಹತ್ತಿರಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ತಳ್ಳಲಾಗುತ್ತದೆ. ಮೊದಲ ಹಂತ ಶುರುವಾದದ್ದು 1974ರಲ್ಲಿ. ನಾಲ್ಕು ಹಂತ ಮುಗಿಯುವಷ್ಟರಲ್ಲಿ ದಿನಕ್ಕೆ ಸುಮಾರು 1,450 ದಶಲಕ್ಷ ಲೀಟರ್ ಬರುತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತ ಇನ್ನೂ 775 ದಶಲಕ್ಷ ಲೀಟರ್ ತರುವಂಥದ್ದು. ಒಳಚರಂಡಿ ಲೆಕ್ಕ ಹಾಕುವ ಎಂಜಿನಿಯರುಗಳ ಸಾಮಾನ್ಯ ಸೂತ್ರವೊಂದಿದೆ: ಮನೆಗೆ ನೂರು ಲೀಟರ್ ಕೊಟ್ಟರೆ ಎಂಬತ್ತು ಲೀಟರ್ ಕೊಳಚೆಯಾಗಿ ಆಚೆ ಬರುತ್ತದೆ. ಸ್ನಾನ, ಪಾತ್ರೆ, ಬಟ್ಟೆ, ಕಕ್ಕಸು. ನಾವು ನೀರನ್ನು ಖರ್ಚು ಮಾಡುವುದು ಕಡಿಮೆ, ಹೊಲಸು ಮಾಡಿ ಮುಂದಕ್ಕೆ ಕಳಿಸುವುದೇ ಹೆಚ್ಚು.

ಈ ಎಂಬತ್ತರ ಲೆಕ್ಕ ಬರೀ ಎಂಜಿನಿಯರುಗಳದ್ದಲ್ಲ. ಕಾವೇರಿ ನ್ಯಾಯಮಂಡಳಿ 2007ರ ತನ್ನ ಅಂತಿಮ ತೀರ್ಪಿನಲ್ಲಿ ಕುಡಿಯುವ ನೀರಿನ ಬಳಕೆಯಲ್ಲಿ ಶೇಕಡಾ 20ರಷ್ಟು ಮಾತ್ರ ನಿಜವಾಗಿ ಖರ್ಚಾಗುತ್ತದೆ, ಉಳಿದದ್ದು ನದಿಗೆ ಹಿಂತಿರುಗುತ್ತದೆ ಅಂತ ಹಿಡಿಯಿತು. ಕೈಗಾರಿಕೆಗಂತೂ ಖರ್ಚು ಶೇಕಡಾ 2.5 ಮಾತ್ರ. ಟಿಎಂಸಿ ಟಿಎಂಸಿ ಅಂತ ನಾವು ಬೀದಿಗಿಳಿದು ಜಗಳವಾಡುವ ವಿವಾದದಲ್ಲಿ, ನಮ್ಮ ಬಚ್ಚಲು ನೀರಿಗೂ ಒಂದು ಸ್ಥಾನವಿದೆ: ಅದು ‘ಹಿಂತಿರುಗಿದ ನೀರು’. ಎಷ್ಟು ಹಿಂತಿರುಗಿತು ಅನ್ನುವುದಕ್ಕೆ ಲೆಕ್ಕದಲ್ಲಿ ಜಾಗವಿದೆ. ಯಾವ ಸ್ಥಿತಿಯಲ್ಲಿ ಹಿಂತಿರುಗಿತು ಅನ್ನುವುದಕ್ಕೆ ಹಂಚಿಕೆಯ ಆ ಅಂಕಿಗಳಲ್ಲಿ ಕಾಲಂ ಇಲ್ಲ.

ಕೊಳಚೆ ಅಂದರೆ ಭಯಪಡಬೇಕಾಗಿಲ್ಲ. ಬರೀ ಮನೆಗಳ ಕೊಳಚೆಯನ್ನು ಶುದ್ಧ ಮಾಡುವುದು ಮನುಷ್ಯನ ಕೈಲಾಗುವ ಕೆಲಸ. ನೂರಕ್ಕೆ ತೊಂಬತ್ತೊಂಬತ್ತು ಪಾಲಿಗಿಂತ ಹೆಚ್ಚು ಅದು ನೀರೇ. ಉಳಿದ ಚೂರಿನಲ್ಲಿ ಗೊಬ್ಬರವಿದೆ, ಬ್ಯಾಕ್ಟೀರಿಯಾಗಳಿಗೆ ಊಟವಿದೆ. ತೊಟ್ಟಿಯಲ್ಲಿ ಗಾಳಿ ಊದಿ, ಆ ಬ್ಯಾಕ್ಟೀರಿಯಾಗಳನ್ನು ಸಾಕಿ, ಅವು ತಿಂದು ಮುಗಿಸಿದ ಮೇಲೆ ಕೆಸರು ಕೂರಿಸಿ ನೀರು ಬಿಡುವ ವಿದ್ಯೆಗೆ ನೂರು ವರ್ಷ ದಾಟಿದೆ. ಮೈಸೂರು ರಸ್ತೆ ಬದಿಯಲ್ಲಿಯೇ ವೃಷಭಾವತಿ ಕಣಿವೆಯ ಶುದ್ಧೀಕರಣ ಘಟಕವಿದೆ, ಮೊನ್ನೆ ಮೊನ್ನೆ ಕಟ್ಟಿದ್ದೂ ಅಲ್ಲ. ಹಾಗಿದ್ದೂ ನದಿ ಯಾಕೆ ಹೀಗಿದೆ?

ಬೆರಕೆಯಿಂದ. ನಾನು ಈ ಬರಹದಲ್ಲಿ ಹೇಳಬೇಕೆಂದಿರುವುದು ಇದೊಂದೇ. ಪ್ರತ್ಯೇಕವಾಗಿದ್ದಿದ್ದರೆ ನಿಭಾಯಿಸಬಹುದಾಗಿದ್ದ ಮೂರು ನೀರುಗಳನ್ನು ನಾವು ಒಂದೇ ಕಾಲುವೆಗೆ ಬಿಟ್ಟಿದ್ದೇವೆ. ಮಳೆಯ ನೀರು, ಮನೆಯ ನೀರು, ಕಾರ್ಖಾನೆಯ ನೀರು. ಅಕ್ಕಿಯಲ್ಲಿ ಕಲ್ಲು ಬೆರೆತರೆ ಮೊರದಲ್ಲಿ ಹಾಕಿಕೊಂಡು ಆರಿಸಬಹುದು, ಹಾಲಿನಲ್ಲಿ ಉಪ್ಪು ಬಿದ್ದರೆ ಏನು ಮಾಡುತ್ತೀರಿ?

ಮೊದಲ ಬೆರಕೆ ಮಳೆ ಮತ್ತು ಮನೆಯದ್ದು. ಬೆಂಗಳೂರಿನಲ್ಲಿ ಕಾಗದದ ಮೇಲೆ ಎರಡೂ ಬೇರೆ ಬೇರೆ. ಮಳೆನೀರಿಗೆ ರಾಜಕಾಲುವೆ, ಕೊಳಚೆಗೆ ಯುಜಿಡಿ, ಅಂದರೆ ಒಳಚರಂಡಿ ಪೈಪು. ಆದರೆ ಕೊಳಚೆಯೂ ಇಳಿಜಾರು ಹುಡುಕಿಕೊಂಡೇ ಹೋಗಬೇಕಲ್ಲ, ಅದಕ್ಕೆ ದೊಡ್ಡ ಯುಜಿಡಿ ಪೈಪುಗಳನ್ನು ರಾಜಕಾಲುವೆಯ ಪಕ್ಕದಲ್ಲೋ ಒಳಗೋ ಹಾಕಿದ್ದಾರೆ. ಪೈಪು ಒಡೆದರೆ, ಮ್ಯಾನ್‌ಹೋಲ್ ಕಟ್ಟಿಕೊಂಡರೆ ಉಕ್ಕುವುದು ಕಾಲುವೆಗೇ. ಕಟ್ಟಿಕೊಂಡಾಗ ರಸ್ತೆಗೆ ಉಕ್ಕದಿರಲಿ ಅಂತ ಪೈಪನ್ನೇ ಒಡೆದು ಕಾಲುವೆಗೆ ದಾರಿ ಮಾಡಿಕೊಡುವುದೂ ಉಂಟು. ನಮ್ಮ ಬೀದಿಯಲ್ಲಿ ಒಮ್ಮೆ ಹಾಗೇ ಆಯಿತು, ನಾಲ್ಕು ದಿನ ಮನೆ ಮುಂದೆ ಕೊಳಚೆ ನಿಂತು ಎಲ್ಲರೂ ಫೋನು ಮಾಡಿ ಮಾಡಿ ಸುಸ್ತಾಗಿದ್ದಾಗ ಇಬ್ಬರು ಕೆಲಸದವರು ಬಂದು ಹಾರೆಯಲ್ಲಿ ಹತ್ತು ನಿಮಿಷಕ್ಕೆ ‘ರಿಪೇರಿ’ ಮುಗಿಸಿದರು. ಬೀದಿ ಒಣಗಿತು. ಯಾರೂ ಮುಂದಿನ ಪ್ರಶ್ನೆ ಕೇಳಲಿಲ್ಲ, ಕೇಳುವ ಆಸೆಯೂ ಯಾರಿಗೂ ಇರಲಿಲ್ಲ. ಊರಂಚಿನ ಬಡಾವಣೆಗಳಿಗಂತೂ ಎಷ್ಟೋ ವರ್ಷ ಯುಜಿಡಿಯೇ ಇರುವುದಿಲ್ಲ. ಮನೆ ಮೊದಲು ಬರುತ್ತದೆ, ಪೈಪು ಆಮೇಲೆ. ಅಲ್ಲಿಯತನಕ ಮೋರಿಯೇ ಗತಿ.

ಇದರಿಂದ ವಿಚಿತ್ರವೊಂದು ಹುಟ್ಟಿದೆ. ಶುದ್ಧೀಕರಣ ಘಟಕ ಒಂದು ಕಡೆ ಕೂತಿರುತ್ತದೆ, ಅದಕ್ಕೆ ಬರಬೇಕಾದ ಕೊಳಚೆ ಪಕ್ಕದಲ್ಲೇ ನದಿಯಲ್ಲಿ ಹರಿದು ಹೋಗುತ್ತಿರುತ್ತದೆ. ಜೋರು ಮಳೆ ಬಂದರೆ ಉಲ್ಟಾ. ರಸ್ತೆಯ ನೀರೆಲ್ಲ ಯುಜಿಡಿಗೆ ನುಗ್ಗಿ ಘಟಕಕ್ಕೆ ತಡೆಯಲಾರದಷ್ಟು ಬರುತ್ತದೆ, ಮ್ಯಾನ್‌ಹೋಲುಗಳು ಕಾರಂಜಿಯಾಗುತ್ತವೆ, ಗಾಳಿ ಆಂಜನೇಯನ ಗುಡಿಯೊಳಕ್ಕೆ ನೀರು ನುಗ್ಗಿತು ಅಂತ ಮಾರನೆಯ ದಿನದ ಪೇಪರಿನಲ್ಲಿ ಬರುತ್ತದೆ.

ಎರಡನೆಯ ಬೆರಕೆಗೆ ಬರೋಣ. ನಿಜವಾಗಿ ನನ್ನ ನಿದ್ದೆ ಕೆಡಿಸುವುದು ಇದು.

ಪೀಣ್ಯ ಕೈಗಾರಿಕಾ ಪ್ರದೇಶ ರೂಪುಗೊಂಡದ್ದು 1970ರ ದಶಕದ ಕೊನೆಯಲ್ಲಿ. ಅಲ್ಲಿ ದೊಡ್ಡ ಕಾರ್ಖಾನೆಗಳಿಗಿಂತ ಸಣ್ಣ ಶೆಡ್ಡುಗಳೇ ಜಾಸ್ತಿ. ಟರ್ನಿಂಗ್, ಮಿಲ್ಲಿಂಗ್, ಪೌಡರ್ ಕೋಟಿಂಗ್, ಪ್ಲೇಟಿಂಗ್. ಪೀಣ್ಯದ ಒಂದಷ್ಟು ಭಾಗದ ನೀರು, ಕಾಮಾಕ್ಷಿಪಾಳ್ಯ, ಮೈಸೂರು ರಸ್ತೆಯ ಆಚೀಚೆಯ ಗಲ್ಲಿಗಳ ನೀರು, ಮುಂದೆ ಕುಂಬಳಗೋಡು, ಬಿಡದಿಗಳ ನೀರು ಇಳಿಯುವುದು ಇದೇ ಕಣಿವೆಗೆ. ಗೆಳೆಯನೊಬ್ಬ ಪ್ಲೇಟಿಂಗ್ ಶೆಡ್ಡೊಂದರಲ್ಲಿ ಸೂಪರ್‌ವೈಸರ್ ಆಗಿದ್ದ, ಅವನ ಜೊತೆ ಹೋಗಿ ನೋಡಿದ್ದೇನೆ. ಸಾಲಾಗಿ ತೊಟ್ಟಿಗಳು. ನಲ್ಲಿ, ಹ್ಯಾಂಡಲ್, ಬೋಲ್ಟುಗಳನ್ನು ಆಸಿಡ್ಡಿನಲ್ಲಿ ತೊಳೆದು, ನಿಕ್ಕಲ್ ತೊಟ್ಟಿಯಲ್ಲಿ ಮುಳುಗಿಸಿ, ಆಮೇಲೆ ಕ್ರೋಮಿಯಂ ತೊಟ್ಟಿಗೆ. ನಿಮ್ಮ ಬಚ್ಚಲುಮನೆಯ ನಲ್ಲಿ ಫಳಫಳ ಹೊಳೆಯುತ್ತದಲ್ಲ, ಅದು ಆ ಕೊನೆಯ ತೊಟ್ಟಿಯ ಹೊಳಪು. ಒಂದೊಂದು ತೊಟ್ಟಿಯಿಂದ ಎತ್ತಿದಾಗಲೂ ನೀರಿನಲ್ಲಿ ಜಾಲಿಸಬೇಕು. ಆ ಜಾಲಿಸಿದ ನೀರೇ ತಲೆನೋವು. ಕ್ರೋಮಿಯಂ ತೊಟ್ಟಿಯಿಂದ ಬಂದದ್ದು ಹಳದಿ, ತೆಳುವಾದರೆ ನಿಂಬೆ ಪಾನಕದ ಬಣ್ಣ.

ಆ ಹಳದಿಯನ್ನು ಸರಿಮಾಡುವ ವಿಧಾನ ಕಷ್ಟದ್ದೇನಲ್ಲ. ಅದರಲ್ಲಿರುವುದು ನೀರಿನಲ್ಲಿ ಸಲೀಸಾಗಿ ಕರಗಿ ಓಡಾಡುವ, ಕ್ಯಾನ್ಸರ್ ತರಬಲ್ಲ ಆರರ ಕ್ರೋಮಿಯಂ, ಅಂದರೆ ಹೆಕ್ಸಾವೇಲೆಂಟ್ ರೂಪ. ಅದಕ್ಕೆ ಆಮ್ಲದ ಹದದಲ್ಲಿ ಮೆಟಾಬೈಸಲ್ಫೈಟ್ ಅನ್ನುವ ರಾಸಾಯನಿಕ ಹಾಕಿದರೆ ಅಷ್ಟು ವಿಷವಲ್ಲದ ಮೂರರ ಕ್ರೋಮಿಯಂ (ಟ್ರೈವೇಲೆಂಟ್) ಆಗುತ್ತದೆ. ಸುಣ್ಣ ಹಾಕಿದರೆ ಅದು ಹಸಿರು ಕೆಸರಾಗಿ ತಳಕ್ಕೆ ಕೂರುತ್ತದೆ. ಕೆಸರನ್ನು ಅಪಾಯಕಾರಿ ತ್ಯಾಜ್ಯ ಅಂತ ಪ್ರತ್ಯೇಕವಾಗಿ, ದುಡ್ಡು ಕೊಟ್ಟು, ಅದಕ್ಕೆಂದೇ ಇರುವ ಜಾಗಕ್ಕೆ ಸಾಗಿಸಬೇಕು. ರಾಸಾಯನಿಕಕ್ಕೆ ಖರ್ಚು, ಆಳಿಗೆ ಖರ್ಚು, ಕೆಸರಿಗೆ ಖರ್ಚು. ಒಂದು ಬೋಲ್ಟಿಗೆ ಪೈಸೆಗಳ ಲೆಕ್ಕದಲ್ಲಿ ಆರ್ಡರು ಹಿಡಿಯುವ ಶೆಡ್ಡಿನ ಯಜಮಾನನ ಮುಂದೆ ಎರಡು ದಾರಿ ಇರುತ್ತವೆ, ಹಿಂದಿನ ಮೋರಿಯ ದಾರಿ ಪುಕ್ಕಟೆ. ಗೆಳೆಯನ ಶೆಡ್ಡಿನಲ್ಲಿ ಒಂದು ಟ್ರೀಟ್‌ಮೆಂಟ್ ತೊಟ್ಟಿ ಇತ್ತು, ಪಕ್ಕದಲ್ಲಿ ಲಾಗ್‌ಬುಕ್ಕೂ ಇತ್ತು. “ಕರೆಂಟ್ ಬಿಲ್ ಜಾಸ್ತಿ ಬಂದ ತಿಂಗಳು ಇದಕ್ಕೆ ರಜಾ ಕಣೋ,” ಅಂದ. ಬೇಜಾರಿನಿಂದ ಹೇಳಿದ್ದೇ, ಆದರೆ ನಗುತ್ತಲೇ ಹೇಳಿದ. ಪೀಣ್ಯದ ಸುತ್ತಮುತ್ತಲಿನ ಅಂತರ್ಜಲದಲ್ಲಿ ಆರರ ಕ್ರೋಮಿಯಂ ಸಿಕ್ಕಿರುವುದು ಹಳೆಯ ಸಂಗತಿ. ಬೋರ್‌ವೆಲ್ಲಿನಲ್ಲಿ ಹಳದಿ ನೀರು ಬಂದದ್ದನ್ನು ಅಲ್ಲಿನವರು ಕಂಡಿದ್ದಾರೆ.

ಇಂಥ ನೀರು ಕೊಳಚೆಗೆ ಸೇರಿದಾಗ ಆಗುವ ಹಾನಿ ಬರೀ ಕೂಡಿಕೆಯದ್ದಲ್ಲ, ಗುಣಾಕಾರದ್ದು. ಶುದ್ಧೀಕರಣ ಘಟಕದಲ್ಲಿ ಕೆಲಸ ಮಾಡುವುದು ಯಂತ್ರವಲ್ಲ, ಜೀವ. ಕ್ರೋಮಿಯಂ, ನಿಕ್ಕಲ್, ಆಸಿಡ್ ಒಮ್ಮೆಲೇ ಬಂದರೆ ಆ ಬ್ಯಾಕ್ಟೀರಿಯಾಗಳು ಸಾಯುತ್ತವೆ ಅಥವಾ ಮಂಕಾಗುತ್ತವೆ, ಮತ್ತೆ ಬೆಳೆದು ಹದಕ್ಕೆ ಬರಲು ದಿನಗಳು ಬೇಕು. ಅಷ್ಟು ದಿನ ಮನೆಗಳ ಕೊಳಚೆಯೂ ಅರ್ಧಂಬರ್ಧ ಶುದ್ಧವಾಗಿ ಆಚೆ ಹೋಗುತ್ತದೆ. ಎರಡನೆಯದು, ಲೋಹಗಳನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಇಲ್ಲವಾಗಿಸುವುದಿಲ್ಲ. ಅವು ನೀರಿನಿಂದ ಕೆಸರಿಗೆ ಜಾಗ ಬದಲಿಸುತ್ತವೆ ಅಷ್ಟೇ. ಹೊಲಕ್ಕೆ ಒಳ್ಳೆಯ ಗೊಬ್ಬರವಾಗಬಹುದಾಗಿದ್ದ ಕೆಸರು ಹೊಲಕ್ಕೆ ಹಾಕಬಾರದ್ದಾಗುತ್ತದೆ. ಹೋಗಲಿ, ಬರೀ ಕಾರ್ಖಾನೆ ನೀರು ಪ್ರತ್ಯೇಕವಾಗಿ ಒಂದು ಕಡೆ ಬಂದಿದ್ದರೆ ಅದಕ್ಕೆ ತಕ್ಕ ಮದ್ದು ಹಾಕಬಹುದಿತ್ತು. ಕೋಟ್ಯಂತರ ಲೀಟರ್ ಕೊಳಚೆಯಲ್ಲಿ ಕಲಸಿಹೋದ ಮೇಲೆ ಆ ಮದ್ದೂ ಕೆಲಸಕ್ಕೆ ಬಾರದು. ಸಾಲದ್ದಕ್ಕೆ, ಅಷ್ಟು ನೀರಿನಲ್ಲಿ ತೆಳುವಾದ ಕ್ರೋಮಿಯಂ ಪರೀಕ್ಷೆಯಲ್ಲಿ ಎಷ್ಟೋ ಸಲ ಮಿತಿಯೊಳಗೇ ಕಾಣುತ್ತದೆ. ಯಾರು ಬಿಟ್ಟದ್ದು ಅಂತ ಹಿಡಿಯುವುದಂತೂ ದೂರದ ಮಾತು.

ನದಿಯೊಳಗೆ ಆಗುವುದನ್ನು ಕಣ್ಣು, ಮೂಗುಗಳೇ ಹೇಳುತ್ತವೆ. ತಿಳಿ ನೀರಿನಲ್ಲಿ ಲೀಟರಿಗೆ ಏಳೆಂಟು ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಸ್ನಾನಕ್ಕೆ ಯೋಗ್ಯ ಅನ್ನಲು ಕನಿಷ್ಠ 5 ಬೇಕು, ಆ ನೀರು ಬೇಡುವ ಆಮ್ಲಜನಕ, ಅಂದರೆ ಬಿಒಡಿ, 3 ಮಿಲಿಗ್ರಾಂ ದಾಟಬಾರದು. ಹಸಿ ಕೊಳಚೆಯ ಬಿಒಡಿ ಇನ್ನೂರು, ಮುನ್ನೂರು. ಹತ್ತಿರ ಏಳೆಂಟು ಇರುವಾಗ ಇನ್ನೂರು ಕೇಳಿದರೆ ನದಿ ಎಲ್ಲಿಂದ ಕೊಡುತ್ತದೆ? ಆಮ್ಲಜನಕ ಮುಗಿದ ಮೇಲೆ ಅದಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಹಿಡಿದುಕೊಳ್ಳುತ್ತವೆ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ನದಿದಂಡೆಯ ಮನೆಗಳಲ್ಲಿ ಬೆಳ್ಳಿ ದೀಪ, ತಾಮ್ರದ ಚೊಂಬು ಉಜ್ಜಿದ ನಾಲ್ಕು ದಿನಕ್ಕೇ ಕಪ್ಪಾಗುವುದು ಈ ಗಾಳಿಯಿಂದ. ಅದೇ ಸಲ್ಫೈಡ್ ಕಬ್ಬಿಣದ ಜೊತೆ ಸೇರಿ ತಳದ ಕೆಸರನ್ನು ಕಪ್ಪಾಗಿಸುತ್ತದೆ. ನೊರೆ ಬೇರೆ ಲೆಕ್ಕ. ಸಾಬೂನು ಪುಡಿಯ ಅಂಶ ನೀರಿನಲ್ಲಿ ತೆಪ್ಪಗಿರುತ್ತದೆ, ಒಡ್ಡಿನ ಮೇಲಿಂದ ದುಮುಕಿ ಗಾಳಿ ಬೆರೆತ ಕೂಡಲೇ ಮೇಲೇಳುತ್ತದೆ. ಬೆಳ್ಳಂದೂರಿನ ನೊರೆ, ಬೆಂಕಿ ದೇಶಕ್ಕೆಲ್ಲ ಸುದ್ದಿಯಾಯಿತು. ಅದು ಐಟಿ ಕಾರಿಡಾರಿನ ರಸ್ತೆಗೆ ಹಾರುತ್ತಿತ್ತು, ಕ್ಯಾಮೆರಾಗಳು ಹತ್ತಿರದಲ್ಲಿದ್ದವು. ಬೈರಮಂಗಲದ ನೊರೆಗೆ ಅಂಥ ಅದೃಷ್ಟವಿಲ್ಲ.

ಬೈರಮಂಗಲ ಬಿಡದಿಯ ಹತ್ತಿರ. ರಾಮನಗರ ಜಿಲ್ಲೆ, ಈಗ ಬೆಂಗಳೂರು ದಕ್ಷಿಣ ಅನ್ನಬೇಕು. 1940ರ ದಶಕದಲ್ಲಿ ವೃಷಭಾವತಿಗೆ ಅಡ್ಡವಾಗಿ ಅಲ್ಲಿ ಜಲಾಶಯ ಕಟ್ಟಿದ್ದು ನೀರಾವರಿಗೆ. ಎಡ ಬಲ ಎರಡು ನಾಲೆ, ನಾಲ್ಕು ಸಾವಿರ ಎಕರೆ ಆಸುಪಾಸಿನ ಅಚ್ಚುಕಟ್ಟು. ನನ್ನ ಸೋದರಮಾವನ ಜಮೀನು ಆ ಕಡೆ ಇದೆ. ಚಿಕ್ಕಂದಿನಲ್ಲಿ ರಜೆಗೆ ಹೋದಾಗ ಅಲ್ಲಿ ಭತ್ತದ ಗದ್ದೆ ಇದ್ದದ್ದು ನೆನಪಿದೆ. ಈಗ ನಾಲೆಯ ಎರಡೂ ಬದಿ ಸೀಮೆಹುಲ್ಲು, ಬೇಬಿ ಕಾರ್ನ್, ಅಲ್ಲಲ್ಲಿ ಹಿಪ್ಪುನೇರಳೆ, ತೆಂಗು.

ಭತ್ತ ಯಾಕೆ ಹೋಯಿತು ಅಂತ ನಾನು ಮಾವನನ್ನು ಕೇಳಿದ್ದೆ. ವಿಷದಿಂದ ಸತ್ತಿತು ಅನ್ನುತ್ತಾರೆ ಅಂದುಕೊಂಡಿದ್ದೆ.

“ಸಾಯ್ಲಿಲ್ಲ ಕಣಪ್ಪ. ಆಳೆತ್ರ ಬೆಳೀತು. ಬೆಳ್ದು ಮಲ್ಕೊಂಬಿಡ್ತು. ತೆನೆ ಹಿಡ್ದು ನೋಡುದ್ರೆ ಬರೀ ಜೊಳ್ಳು.”

ಇದರಲ್ಲಿ ಇಡೀ ಕೃಷಿಶಾಸ್ತ್ರವಿದೆ. ಕೊಳಚೆಯಲ್ಲಿ ಸಾರಜನಕ ಹೇರಳ. ಭತ್ತಕ್ಕೆ ಸಾರಜನಕ ಅತಿಯಾದರೆ ಸೊಪ್ಪು ಉಕ್ಕುತ್ತದೆ, ದಂಟು ಮೆತ್ತಗಾಗಿ ಪೈರು ಒರಗುತ್ತದೆ, ಕಾಳು ಕಟ್ಟುವುದಿಲ್ಲ. ಸೀಮೆಹುಲ್ಲಿಗೆ ಕಾಳಿನ ಹಂಗಿಲ್ಲ, ಸೊಪ್ಪೇ ಫಸಲು. ಬೇಬಿ ಕಾರ್ನನ್ನು ಕಾಳು ಕಟ್ಟುವ ಮೊದಲೇ, ಐವತ್ತು ಅರವತ್ತು ದಿನಕ್ಕೆ ಮುರಿಯುತ್ತಾರೆ. ಉಳಿದ ಗಿಡ ಹಸುವಿಗೆ. ವರ್ಷಕ್ಕೆ ಮೂರು, ನಾಲ್ಕು ಬೆಳೆ. ಗೊಬ್ಬರದಂಗಡಿಗೆ ಹೋಗುವ ಕೆಲಸವಿಲ್ಲ, ಬೇಸಿಗೆಯಲ್ಲಿ ನೀರಿಲ್ಲ ಅನ್ನುವ ಮಾತಿಲ್ಲ. ಯಾವ ಕೃಷಿ ಇಲಾಖೆಯೂ ಹೇಳಿಕೊಡದೆ ಅಲ್ಲಿಯ ರೈತರು ತಾವೇ ನೋಡಿ, ಸೋತು, ಬದಲಿಸಿ ಕಂಡುಕೊಂಡ ಬೇಸಾಯ ಇದು. ನಗರದ ಹೋಟೆಲಿನಲ್ಲಿ ಬೇಬಿ ಕಾರ್ನ್ ಮಂಚೂರಿ ತಿನ್ನುವವರಿಗೆ ತಮ್ಮ ಬಚ್ಚಲಿಗೂ ಆ ತಟ್ಟೆಗೂ ಸಂಬಂಧ ಇರಬಹುದು ಅನ್ನುವುದು ಗೊತ್ತಿರಲಾರದು. ಗೊತ್ತಾದರೆ ಮಂಚೂರಿ ಬಿಡುತ್ತಾರೆ, ಬಚ್ಚಲು ಬಿಡುವುದಿಲ್ಲ.

ಇದನ್ನು ಲಾಭ ಅನ್ನಬೇಕೋ ನಷ್ಟ ಅನ್ನಬೇಕೋ? ಮಾವ ನಾಲೆಗೆ ಇಳಿಯುವಾಗ ಗಂಬೂಟು ಹಾಕುತ್ತಾರೆ. ಹಾಕದೆ ಇಳಿದ ದಿನ ರಾತ್ರಿ ಕಾಲು ಕೆರೆದು ಕೆರೆದು ಗಾಯ. ಸೊಳ್ಳೆಯ ವಿಷಯ ಕೇಳಲೇಬೇಡಿ. ಮನೆಯ ಹಿಂದಿನ ಬಾವಿಯ ನೀರನ್ನು ದನವೂ ಮೂಸಿ ಬಿಡುತ್ತದೆ. ಕೊಳಚೆಯ ಸಾರಜನಕ ಪೈರಿಗೆ ಹೋಗಿ ಉಳಿದದ್ದು ನೈಟ್ರೇಟಾಗಿ ಇಳಿಯುವುದು ಅಂತರ್ಜಲಕ್ಕೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಅನ್ನುವ ನಿಯಮ ಇರುವುದು ಮುಖ್ಯವಾಗಿ ಹಸುಗೂಸುಗಳಿಗಾಗಿ, ಅವುಗಳ ರಕ್ತ ಆಮ್ಲಜನಕ ಒಯ್ಯಲಾರದೆ ಮೈ ನೀಲಿಗಟ್ಟುತ್ತದೆ. ಈಗ ಊರಿನವರು ಕ್ಯಾನು ಹಿಡಿದು ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಸಾಲು ನಿಲ್ಲುತ್ತಾರೆ, ಕಾಯಿನ್ ಹಾಕಿ ಹಿಡಿದುಕೊಳ್ಳುತ್ತಾರೆ. ಬೆಂಗಳೂರಿಗೆ ಕಾವೇರಿ ಹೋಗುವ ಪೈಪುಗಳು ಅದೇ ಸೀಮೆಯ ಹಾರೋಹಳ್ಳಿಯನ್ನು ಹಾಯ್ದೇ ಹೋಗುತ್ತವೆ.

ಇಷ್ಟೆಲ್ಲ ಅನುಭವಿಸುವ ಮಾವ ಕೊಳಚೆಯನ್ನು ಬೈಯುವುದಿಲ್ಲ, ಅದು ನನಗೆ ಮೊದಮೊದಲು ಆಶ್ಚರ್ಯ. ಅವರ ಕೋಪ ಬೇರೆ ಕಡೆಗಿದೆ. “ಕಕ್ಕಸ್ ನೀರು ಬರ್ಲಿ, ಅದೂ ಗೊಬ್ರಾನೇ. ನಮ್ ತಾತ ಹೊಲಕ್ಕೆ ಹಾಕ್ತಿದ್ದುದ್ದು ಇನ್ನೇನು? ಆ ಫ್ಯಾಕ್ಟ್ರಿ ನೀರು ಮಾತ್ರ ಬ್ಯಾಡ. ಅದು ಬಂದ್ ದಿನ ನಮ್ಗೆ ಗೊತ್ತಾಯ್ತದೆ, ನೀರಿನ್ ಬಣ್ಣನೇ ಬ್ಯಾರೆ.” ಪ್ರಯೋಗಾಲಯಗಳು ಹೇಳುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಸಾರಜನಕ ಪೈರಿಗೆ ಹೋದೀತು, ಬ್ಯಾಕ್ಟೀರಿಯಾ ಬಿಸಿಲಿಗೆ ಸತ್ತೀತು, ಲೋಹ ಮಣ್ಣಿನಲ್ಲಿ ಉಳಿಯುತ್ತದೆ. ಈ ವರ್ಷದ್ದರ ಮೇಲೆ ಮುಂದಿನ ವರ್ಷದ್ದು ಸೇರುತ್ತದೆ. ಮಣ್ಣಿನಿಂದ ಹುಲ್ಲಿಗೆ, ಹುಲ್ಲಿನಿಂದ ಹಸುವಿಗೆ ಒಂದಿಷ್ಟು ಏರುತ್ತದೆ. ಹಾಲು ಡೇರಿಗೆ ಹೋಗುತ್ತದೆ, ಡೇರಿಯಿಂದ ಬೆಂಗಳೂರಿಗೆ. ಹಾಲು ಕುಡಿಯಬೇಡಿ ಅಂತ ನಾನು ಹೇಳುತ್ತಿಲ್ಲ, ನಾನೇ ದಿನಾ ಕುಡಿಯುತ್ತೇನೆ. ಮೂರು ನೀರುಗಳಲ್ಲಿ ಒಂದನ್ನು ಬೇರೆ ಮಾಡಿಕೊಡಿ ಅನ್ನುವ ಸರಳ ಬೇಡಿಕೆ ಹಳ್ಳಿಯವರಿಗೆ ಸ್ಪಷ್ಟವಾಗಿದೆ, ಅದನ್ನು ಸಲ್ಲಿಸುವುದು ಯಾರಿಗೆ ಅನ್ನುವುದೇ ಸ್ಪಷ್ಟವಿಲ್ಲ.

ಯಾಕೆಂದರೆ ನೀರಿನಂತೆ ಹೊಣೆಯೂ ಬೆರೆತುಹೋಗಿದೆ. ರಾಜಕಾಲುವೆ ಪಾಲಿಕೆಯದ್ದು, ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗಿನ ಐದು ಪಾಲಿಕೆಗಳದ್ದು. ಯುಜಿಡಿ ಪೈಪು ಜಲಮಂಡಳಿಯದ್ದು. ಕಾರ್ಖಾನೆಗೆ ಜಾಗ ಕೊಡುವುದು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಅನುಮತಿ ಕೊಡುವುದು, ದಂಡ ಹಾಕುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಜಲಾಶಯ, ನಾಲೆ ನೀರಾವರಿಯವರದ್ದು. ಹಳ್ಳಿಯ ಕುಡಿಯುವ ನೀರು ಪಂಚಾಯಿತಿಯದ್ದು. ನದಿಯನ್ನು ಯಾರೂ ತಮ್ಮದು ಅನ್ನಬೇಕಾಗಿಲ್ಲ. ಜಲಮಂಡಳಿಯವರನ್ನು ಕೇಳಿದರೆ ಕಾರ್ಖಾನೆ ನೀರು ಬಂದರೆ ನಾವೇನು ಮಾಡೋಣ ಅನ್ನಬಹುದು. ಕಾರ್ಖಾನೆಯವರು ನದಿ ತುಂಬ ಕೊಳಚೆ ಇರುವಾಗ ನಮ್ಮದು ಎಷ್ಟು ಮಾತ್ರ ಅನ್ನಬಹುದು. ಇಬ್ಬರ ಮಾತಿನಲ್ಲೂ ಸತ್ಯವಿದೆ, ಬೆರಕೆಯ ದೊಡ್ಡ ಅನುಕೂಲವೇ ಅದು.

ಕಾಯ್ದೆಗೆ ಕೊರತೆ ಇರಲಿಲ್ಲ. ಜಲ ಮಾಲಿನ್ಯ ತಡೆ ಕಾಯ್ದೆ ಬಂದದ್ದು, ನಮ್ಮ ರಾಜ್ಯದ ಮಾಲಿನ್ಯ ಮಂಡಳಿ ಹುಟ್ಟಿದ್ದು 1974ರಲ್ಲಿ. ಹೌದು, ಕಾವೇರಿ ಮೊದಲ ಸಲ ಬೆಂಗಳೂರಿನ ನಲ್ಲಿಗೆ ಬಂದ ಅದೇ ವರ್ಷ. ನೀರನ್ನು ಎತ್ತುವ ಕೆಲಸ ಐದು ಹಂತ ಮುಗಿಸಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಮಲಿನ ನದಿಪಾತ್ರಗಳನ್ನು ಗುರುತಿಸಿದಾಗ ಅದರಲ್ಲಿ ಕರ್ನಾಟಕದವೇ 17.

ಬೈರಮಂಗಲಕ್ಕೆ ಸೂಚಿಸಿದ ಪರಿಹಾರಗಳಲ್ಲಿ ಒಂದನ್ನು ಹೇಳಲೇಬೇಕು. ಹೊಲಸು ನೀರು ಕೆರೆಗೇ ಬರದಂತೆ ಪಕ್ಕದಲ್ಲೊಂದು ಕಾಲುವೆ ತೋಡಿ, ಕೆರೆಯನ್ನು ಸುತ್ತುಬಳಸಿ ಕೆಳಕ್ಕೆ ಸಾಗಿಸುವುದು. ಕೆರೆ ಚೊಕ್ಕಟವಾಗುತ್ತದೆ, ನಿಜ. ಕೆರೆಗೆ ಬರುವ ನೀರೇ ಅದು, ಅದನ್ನು ದಾಟಿಸಿದ ಮೇಲೆ ಕೆರೆಯಲ್ಲಿ ಉಳಿಯುವುದೇನು ಅಂತ ಮಾವ ಕೇಳುತ್ತಾರೆ. ಕೆಳಗಿನ ಊರವರು ಕೇಳುವ ಪ್ರಶ್ನೆ ಇನ್ನೂ ನೇರ.

ಕೆಳಗೆ ಅಂದರೆ ಕನಕಪುರದ ಕಡೆ. ವೃಷಭಾವತಿ ಅರ್ಕಾವತಿಯನ್ನು ಸೇರುತ್ತದೆ, ಹಾರೋಬೆಲೆಯ ಜಲಾಶಯದಲ್ಲಿ ನಿಲ್ಲುತ್ತದೆ, ಆಮೇಲೆ ಬಂಡೆಗಳ ನಡುವೆ ಇಳಿದು ಸಂಗಮದಲ್ಲಿ ಕಾವೇರಿಗೆ. ಅಷ್ಟು ದೂರ ಹರಿದು, ಬಂಡೆಗೆ ಬಡಿದು, ಗಾಳಿ ಸೇರಿ ನೀರು ಎಷ್ಟೋ ತಿಳಿಯಾಗಿರುತ್ತದೆ. ಭಾನುವಾರ ಸಂಗಮಕ್ಕೆ ಪಿಕ್‌ನಿಕ್ಕಿಗೆ ಬರುವ ಬೆಂಗಳೂರಿನವರು ಅಲ್ಲಿ ಮುಳುಗು ಹಾಕುತ್ತಾರೆ. ಬೆಂಗಳೂರಿಗೆ ನೀರೆತ್ತುವ ಜಾಗ ಇಲ್ಲಿಂದ ಬಹಳ ಮೇಲೆ, ಶಿವನಸಮುದ್ರಕ್ಕೂ ಮೇಲೆ. ಆದ್ದರಿಂದ ಇಲ್ಲಿಯತನಕ ನಾವು ಬಿಟ್ಟದ್ದು ನಮ್ಮ ನಲ್ಲಿಗೆ ತಿರುಗಿ ಬಂದಿಲ್ಲ, ಕೆಳಗೆ ಹೊಗೇನಕಲ್ಲಿಗೆ, ಮೆಟ್ಟೂರಿಗೆ ಹೋಗಿದೆ. ಕರ್ನಾಟಕ ಕಾವೇರಿಯನ್ನೂ ಪಿನಾಕಿನಿಯನ್ನೂ ಮಲಿನ ಮಾಡುತ್ತಿದೆ ಅಂತ 2015ರಲ್ಲಿ ತಮಿಳುನಾಡು ಸುಪ್ರೀಂ ಕೋರ್ಟಿಗೆ ಹೋದಾಗ ನಮ್ಮಲ್ಲಿ ಅದನ್ನು ಇನ್ನೊಂದು ಕಾವೇರಿ ಕಿರಿಕಿರಿ ಅಂತಲೇ ಓದಿದವರು ಹೆಚ್ಚು. ನೀರಿನ ಪಾಲಿನ ವಿಷಯದಲ್ಲಿ ನಾನು ಕರ್ನಾಟಕದ ಪಕ್ಷದವನೇ. ಈ ದೂರಿನಲ್ಲಿ ಮಾತ್ರ ಅವರ ಮಾತನ್ನು ತಳ್ಳಿಹಾಕಲು ನನಗೆ ಬಾಯಿ ಬರುವುದಿಲ್ಲ.

ಈಗ ಮೇಕೆದಾಟು. ಸಂಗಮದಿಂದ ನಾಲ್ಕೈದು ಕಿಲೋಮೀಟರ್ ಕೆಳಗೆ. ಅಲ್ಲಿ 67.16 ಟಿಎಂಸಿಯ ಅಣೆಕಟ್ಟು ಕಟ್ಟಬೇಕು, ಬೆಂಗಳೂರಿಗೆ ಕುಡಿಯುವ ನೀರು ಕೊಡಬೇಕು ಅನ್ನುವುದು ರಾಜ್ಯದ ಯೋಜನೆ. 2018ರ ಫೆಬ್ರುವರಿಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ಕುಡಿಯುವ ನೀರಿಗೆಂದು ಹೆಚ್ಚುವರಿಯಾಗಿ ಕೊಟ್ಟ 4.75 ಟಿಎಂಸಿಯನ್ನು ಎತ್ತುವುದು ಅಲ್ಲಿಂದ. 2022ರ ಜನವರಿಯ ಪಾದಯಾತ್ರೆ ಹೊರಟದ್ದೂ ಸಂಗಮದಿಂದಲೇ. ಪರವಾಗಿ, ವಿರುದ್ಧವಾಗಿ ಎಷ್ಟೋ ಚರ್ಚೆ ನಡೆದಿದೆ: ಕಾಡು ಮುಳುಗುತ್ತದೆ, ತಮಿಳುನಾಡು ಒಪ್ಪುವುದಿಲ್ಲ, ಕೇಂದ್ರ ಅನುಮತಿ ಕೊಡಬೇಕು. ಭೂಪಟ ತೆಗೆದು ನೋಡಿದರೆ ಕಾಣುವ ಒಂದು ಸಂಗತಿ ಮಾತ್ರ ಈ ಗದ್ದಲದಲ್ಲಿ ಹೆಚ್ಚು ಕೇಳಿಬರುವುದಿಲ್ಲ. ಅಣೆಕಟ್ಟು ಕಟ್ಟುವ ಜಾಗ ಸಂಗಮದ ಕೆಳಗಿದೆ. ಅರ್ಕಾವತಿ ಹೊತ್ತು ತಂದದ್ದೆಲ್ಲ, ಅಂದರೆ ಪೀಣ್ಯದ ಶೆಡ್ಡಿನ ಹಳದಿ ನೀರಿನಿಂದ ನಮ್ಮ ಬೀದಿಯ ಹಾರೆಯ ರಿಪೇರಿಯ ತನಕ ಎಲ್ಲದರ ಉಳಿಕೆ, ಬಂದು ನಿಲ್ಲುವುದು ಆ ಜಲಾಶಯದಲ್ಲಿ. ಹರಿಯುವ ನೀರು ಹೊತ್ತೊಯ್ಯುವುದನ್ನು ನಿಂತ ನೀರು ತಳಕ್ಕೆ ಕೂರಿಸಿಕೊಳ್ಳುತ್ತದೆ.

ಮೊನ್ನೆ ಇದನ್ನು ಮಾವನಿಗೆ ವಿವರಿಸಿದೆ. ಅವರು ಹುಲ್ಲಿನ ಹೊರೆ ಕಟ್ಟುತ್ತಿದ್ದರು. ಪೂರ್ತಿ ಕೇಳಿಸಿಕೊಂಡು, “ಹಂಗಾದ್ರೆ ಕಟ್ಲಿ ಬಿಡು ಅಣೆಕಟ್ನ. ಅವಾಗಾದ್ರೂ ಫ್ಯಾಕ್ಟ್ರಿ ನೀರ್ ನಿಲ್ಲಿಸ್ತಾರೆ,” ಅಂದರು. ನಿಲ್ಲಿಸುತ್ತಾರೋ, ಅಥವಾ ಅಲ್ಲಿಗೂ ಇನ್ನೊಂದು ಬಳಸು ಕಾಲುವೆ ತೋಡುತ್ತಾರೋ ಅಂತ ನಾನು ಕೇಳಿದ್ದಕ್ಕೆ, ಹೊರೆಯ ಇನ್ನೊಂದು ತುದಿ ಹಿಡಿಯಲು ಹೇಳಿದರು.